ಕೇಳಿ ತೆಗೆಸಿದ ಗೇಟು

ಹೆಸರು: ಮೈತ್ರಿ ಕೋಂ ಭೀಮೇಶ್
ವಯಸ್ಸು: 41 ವರ್ಷ
ಕಸುಬು: ಮನೆಯಲ್ಲೇ ಟೈಲರಿಂಗ್
ವಾಸ: ನಂ. 17/2, ಹಿಂದಿನ ಮನೆ, 2ನೇ ಅಡ್ಡರಸ್ತೆ, ಹಳೇ ಊರು, ಹೊಸಕೆರೆಹಳ್ಳಿ, ಬೆಂಗಳೂರು

ನಾನು ಈ ದಿನ ದಿನಾಂಕ 28-03-2026ರ ಶನಿವಾರ ಮಧ್ಯಾಹ್ನ 3 ಗಂಟೆ 40 ನಿಮಿಷಕ್ಕೆ ಠಾಣೆಗೆ ಹಾಜರಾಗಿ, ಗಾಬರಿಯಲ್ಲಿದ್ದರೂ ಬುದ್ಧಿ ನೆಟ್ಟಗಿಟ್ಟುಕೊಂಡು, ಯಾರೂ ಹೇಳಿಕೊಡದೆ ಈ ಮೂಲಕ ತಿಳಿಸುವುದೇನೆಂದರೆ:

ಮೇಲಿನ ವಿಳಾಸದಲ್ಲಿ ನಾನು, ನನ್ನ ಗಂಡ ಭೀಮೇಶ್ (46 ವರ್ಷ, ಬಸ್ ಡ್ರೈವರ್), ಮಗಳು ಶ್ವೇತ (17 ವರ್ಷ) ಮತ್ತು ಮಾವನವರಾದ ಮಾರಯ್ಯ (81 ವರ್ಷ) ವಾಸವಾಗಿರುತ್ತೇವೆ. ಮಾವನವರು ನೀರಿನ ಪೈಪು ಹೂಳುವ ಕೆಲಸ ಮಾಡುತ್ತಿದ್ದ ಕಾಲದಲ್ಲಿ, 1979ನೇ ಇಸವಿಯಲ್ಲಿ, ಈ 20x30 ಜಾಗವನ್ನು ಮುಂದಿನ ಮನೆಯ ಏಕಾಂತಯ್ಯ ಎಂಬುವರ ತಂದೆಯವರಿಂದ ಕ್ರಯಕ್ಕೆ ಪಡೆದು ಮನೆ ಕಟ್ಟಿದರು. ನಮ್ಮ ಮನೆ ರಸ್ತೆಗಿಲ್ಲ. ಮುಂದಿನ ಮನೆಯ ಪೂರ್ವದ ಗೋಡೆಗೆ ಅಂಟಿಕೊಂಡು 4 ಅಡಿ ಅಗಲ, 42 ಅಡಿ ಉದ್ದದ ಒಂದು ಸಂದಿ ಇದೆ. ಅದರಲ್ಲಿ ಹಾದು ಬಂದರೆ ನಮ್ಮ ಬಾಗಿಲು. ಕ್ರಯಪತ್ರದಲ್ಲಿ ನಾಲ್ಕು ಕಡೆಯ ಚೆಕ್ಕುಬಂದಿ ಬರೆದಿದ್ದಾರೆ, ಸಾಕ್ಷಿಗಳ ಹೆಬ್ಬೆಟ್ಟಿದೆ, ಆದರೆ ಮನೆಗೆ ಹೋಗಿ ಬರುವುದು ಯಾವ ಕಡೆಯಿಂದ ಎಂಬ ಬಗ್ಗೆ ಒಂದು ಸಾಲೂ ಇಲ್ಲ. ಹಾರಿ ಹೋಗುತ್ತಾರೆ ಎಂದುಕೊಂಡಿದ್ದರೋ ಏನೋ. ಅಳತೆಗಳನ್ನು ನಾನೇ ಟೇಪಿನಲ್ಲಿ ಹಿಡಿದಿದ್ದೇನೆ, ಅಂದಾಜಿನಲ್ಲಿ ಹೇಳುತ್ತಿಲ್ಲ.

ಮಾವನವರಿಗೆ ಒಂದು ಅಭ್ಯಾಸವಿದೆ. ರಸ್ತೆಯಿಂದ ಸಂದಿಗೆ ಕಾಲಿಡುವ ಮೊದಲು ನಿಂತು, ಮುಂದಿನ ಮನೆಯ ಕಡೆ ಮುಖ ಮಾಡಿ, "ಬರ್ಲಾ ಬುದ್ಧಿ?" ಎಂದು ಕೂಗುತ್ತಾರೆ. ಒಳಗಿನಿಂದ ಯಾರಾದರೂ ಹೂಂ ಎಂದರೂ ಸರಿ, ಎನ್ನದಿದ್ದರೂ ಸರಿ, ಸ್ವಲ್ಪ ತಡೆದು ಬರುತ್ತಾರೆ. ಅವರು ಬೆಳೆದ ಕಾಲದಲ್ಲಿ ನಮ್ಮ ಕೇರಿಯವರು ಮೇಲಿನವರ ಮನೆಯ ಮಗ್ಗುಲಲ್ಲಿ ಹಾಯಬೇಕಾದರೆ ಹೀಗೆ ಕೂಗಿಯೇ ಹಾಯಬೇಕಿತ್ತಂತೆ. ಕಾಲ ಹೋದರೂ ಅವರ ಕೂಗು ಹೋಗಲಿಲ್ಲ. ನಾವು ಬೌದ್ಧರು. ನಾನಾಗಲಿ, ನನ್ನ ಗಂಡನಾಗಲಿ, ಮಗಳಾಗಲಿ ಯಾರ ಬಾಗಿಲಲ್ಲೂ ಹಾಗೆ ನಿಂತವರಲ್ಲ. ನಾನು ಮದುವೆಯಾಗಿ ಬಂದದ್ದು 2005ರ ಮೇ ತಿಂಗಳಲ್ಲಿ. ಅಲ್ಲಿಂದ ಇಲ್ಲಿಗೆ 20 ವರ್ಷ 10 ತಿಂಗಳು ನಾನು, ನನ್ನ ಬಳಿ ಬಟ್ಟೆ ಹೊಲಿಸುವವರು, ಸಿಲಿಂಡರ್ ತರುವವರು, ಎಲ್ಲರೂ ಯಾರನ್ನೂ ಕೇಳದೆ ಓಡಾಡಿದ್ದೇವೆ. ಏಕಾಂತಯ್ಯನವರು ಯಾವ ದಿನವೂ ಯಾಕೆ ಎಂದವರಲ್ಲ. ಮಾವನವರಿಗೆ ಮಾತ್ರ ನಾನು ಹಲವು ಸಲ, ಯಾಕೆ ಮಾವ ಇದೆಲ್ಲ, ನೋಡಿದವರು ಏನಂದುಕೊಂಡಾರು ಎಂದು ರೇಗಿದ್ದುಂಟು. ಅವರು ನಕ್ಕುಬಿಡುತ್ತಿದ್ದರು.

ಕಳೆದ ಜುಲೈ ತಿಂಗಳಲ್ಲಿ ಏಕಾಂತಯ್ಯನವರು ಮುಂದಿನ ಮನೆಯನ್ನು ಮುತ್ತುರಾಜ (ಸುಮಾರು 36 ವರ್ಷ) ಎಂಬುವರಿಗೆ ಮಾರಿ, ಬಿಳೇಕಹಳ್ಳಿಯ ಫ್ಲ್ಯಾಟಿಗೆ ಹೋದರು. ಮುತ್ತುರಾಜ ಅವರು ಆ ಮನೆ ಕೆಡವಿ ನಾಲ್ಕು ಮಹಡಿಯ ಪಿಜಿ ಕಟ್ಟಿಸುವವರಿದ್ದಾರೆ. ಮೊದಲು ನಮ್ಮ ಮನೆಯನ್ನೂ ಕೇಳಿದರು. ಕೊಡುವುದಿಲ್ಲ ಎಂದೆವು. ದಿನಾಂಕ 11-01-2026ರಂದು ಸಂದಿಯ ಬಾಯಿಗೆ ಐದೂವರೆ ಅಡಿ ಎತ್ತರದ ಕಬ್ಬಿಣದ ಗೇಟು ಕೂರಿಸಿದರು. ಕಳ್ಳರ ಕಾಟ, ನಿಮಗೂ ಒಳ್ಳೆಯದೇ ಎಂದು ಹೇಳಿದರು. ಬೀಗ ಇರಲಿಲ್ಲ, ಚಿಲಕ ಮಾತ್ರ. ದಿನಾಂಕ 02-02-2026ರಂದು ಗೇಟಿನ ಮೇಲೆ ಒಂದು ಕ್ಯಾಮೆರಾ ಹಾಕಿಸಿದರು. ಅದಕ್ಕೂ ನಾವು ಸುಮ್ಮನಿದ್ದೆವು. ಆ ಕ್ಯಾಮೆರಾ ಮಾತನ್ನೂ ಹಿಡಿಯುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲ.

ದಿನಾಂಕ 26-03-2026ರ ಗುರುವಾರ ಸಂಜೆ 4 ಗಂಟೆಗೆ ನಾನು ಫಾಲ್ಸ್ ಹಾಕಿದ ಸೀರೆ ಕೊಟ್ಟು ಬರುತ್ತಿದ್ದಾಗ, ಸಂದಿಯೊಳಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಅಲ್ಲೇ ಟೇಪು ಹಿಡಿದು ನೋಡಿದೆ. ಗೆರೆಯಿಂದ ಸಂದಿಯ ಆ ಬದಿಯ ಕಾಂಪೌಂಡಿಗೆ 1 ಅಡಿ 9 ಇಂಚು ಉಳಿಯುತ್ತಿತ್ತು. ಏನಿದು ಎಂದು ಮುತ್ತುರಾಜ ಅವರನ್ನು ಕೇಳಿದೆ. ಸೋಮವಾರ ಪಾಯ ತೆಗೆಯುತ್ತೇವೆ, ನಿಮಗೆ ಹಿಂದುಗಡೆ ರಾಜಕಾಲುವೆಯ ಪಕ್ಕ ದಾರಿ ಇದೆಯಲ್ಲ ಎಂದರು. ಹಿಂದೆ ಇರುವುದು ನಮ್ಮ ಐದು ಅಡಿ ಗೋಡೆ, ಗೋಡೆಯಾಚೆ ಕಾಲುವೆಯ ಅಂಚು. ಆಡು ಹೋಗಬಹುದು. ಇದು ನಮ್ಮ ದಾರಿ, ನಲವತ್ತೇಳು ವರ್ಷದಿಂದ ಓಡಾಡಿದ್ದೇವೆ ಎಂದು ನಾನು ಜೋರಾಗಿಯೇ ಹೇಳಿದೆ. ಆಗ ಅವರು ಕೋಪ ಮಾಡಿಕೊಳ್ಳದೆ ಫೋನು ತೆಗೆದು ತೋರಿಸಿದರು. ಮಾವನವರು ಗೇಟಿನ ಮುಂದೆ ನಿಂತು ಬರ್ಲಾ ಬುದ್ಧಿ ಎಂದು ಕೇಳುವ ವಿಡಿಯೊಗಳು. ಬೇರೆ ಬೇರೆ ದಿನದವು, ಒಟ್ಟು 38 ಎಂದು ಅವರೇ ಹೇಳಿದರು. ಕೆಲವುಗಳಲ್ಲಿ ಮಾವನವರು ಟವೆಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದಿದ್ದರು. ಮುತ್ತುರಾಜ ಅವರು ಹೇಳಿದ ಮಾತು: "ದಾರಿ ನಿಮ್ದೇ ಆಗಿದ್ರೆ ನಿಮ್ಮಾವ ದಿನಾ ಯಾಕೆ ಪರ್ಮಿಷನ್ ಕೇಳ್ತಾರೆ ಅಕ್ಕ?" ನಾನು ಟೇಪು ಸುತ್ತಿಕೊಂಡು ಮನೆಗೆ ಬಂದೆ.

ಅದೇ ದಿನ ಸಂಜೆ 6 ಗಂಟೆ 15 ನಿಮಿಷಕ್ಕೆ ತ್ಯಾಗರಾಜನಗರದ ವಕೀಲರಾದ ಮಧುಮತಿ ಮೇಡಂ ಅವರ ಮನೆಗೆ ಹೋದೆ. ಅವರ ಬ್ಲೌಸುಗಳನ್ನು ಒಂಬತ್ತು ವರ್ಷದಿಂದ ನಾನೇ ಹೊಲಿಯುತ್ತಿದ್ದೇನೆ. ತೋಳಿನ ಫಿಟ್ಟಿಂಗ್ ನೋಡುವ ನೆಪದಲ್ಲಿ ಎಲ್ಲವನ್ನೂ ಹೇಳಿದೆ. ನಾನು ಪಿನ್ನನ್ನು ತಪ್ಪು ಜಾಗಕ್ಕೆ ಚುಚ್ಚಿದ್ದನ್ನು ನೋಡಿ, ಮೊದಲು ಕೂತುಕೋ ಎಂದರು. ಪತ್ರದಲ್ಲಿ ದಾರಿ ಬರೆಯದಿದ್ದರೂ, ಇಪ್ಪತ್ತು ವರ್ಷ ಎಡೆಬಿಡದೆ, ಯಾರ ಒಪ್ಪಿಗೆಯನ್ನೂ ಕೇಳದೆ, ನಮ್ಮದೇ ಎಂದು ಓಡಾಡಿದ್ದರೆ ಅದು ಹಕ್ಕಾಗುತ್ತದೆ, ಕೇಳಿ ಓಡಾಡಿದರೆ ಅವರು ಮಾಡಿದ ಉಪಕಾರವಾಗುತ್ತದೆ, ಉಪಕಾರವನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂದು ತಿಳಿಸಿದರು. ಹಾಗಾದರೆ ಮುಗಿಯಿತು ಎಂದೆ. ಇಲ್ಲ, ನಿಮ್ಮ ಮಾವ ಕೇಳಿದ್ದಾರೆ, ಸರಿ, ನೀನು ಕೇಳಿದ್ದೀಯಾ ಎಂದು ಕೇಳಿದರು. ಒಂದು ದಿನವೂ ಇಲ್ಲ ಎಂದೆ. ಮದುವೆಯ ವರ್ಷ ಕೇಳಿ, ಬೆರಳಲ್ಲಿ ಲೆಕ್ಕ ಹಾಕಿ, ನಿನ್ನ ಓಡಾಟದ್ದೇ ಇಪ್ಪತ್ತು ವರ್ಷ ತುಂಬಿದೆ ಎಂದರು. ಮುದುಕರ ಕೂಗು ಹಳೇ ಮರ್ಯಾದೆ ಎಂದು ಕೋರ್ಟಿಗೆ ಹೇಳಬಹುದು, ಆದರೆ ಇವತ್ತಿನಿಂದ ಅವರೂ ಕೇಳಬಾರದು, ನೀನಂತೂ ಬಾಯಿ ತಪ್ಪಿಯೂ ಕೇಳಬಾರದು, ಸೋಮವಾರ ಬೆಳಗ್ಗೆಯೇ ತಡೆಯಾಜ್ಞೆಗೆ ಹಾಕೋಣ ಎಂದು ಹೇಳಿ ಕಳಿಸಿದರು.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಮಾವನವರಿಗೆ ತಿಳಿಸಿದೆ. ಅವರು ತುತ್ತು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ನಾನು ಕೇಳಿದ್ದರಿಂದ ಮನೆ ದಾರಿ ಹೋಯಿತಾ ಎಂದು ಮೂರು ಸಲ ಕೇಳಿದರು. ಹೋಗಿಲ್ಲ, ಇನ್ನು ಮುಂದೆ ಕೇಳದಿದ್ದರೆ ಸಾಕು ಎಂದೆ. "ಬಾಯಿ ತಡಿಯಾಕಿಲ್ಲ ಕಣವ್ವ, ತಾನಾಗೇ ಬತ್ತದೆ" ಎಂದರು. ಶುಕ್ರವಾರ ಬೆಳಗ್ಗೆ ಹಾಲು ತರಲು ಹೋಗಿ ಬಂದವರು ಗೇಟಿನ ಮುಂದೆ 6 ನಿಮಿಷ ನಿಂತಿದ್ದರು. ನಾನು ಈ ತುದಿಯಿಂದ ನೋಡುತ್ತಲೇ ಇದ್ದೆ. ತುಟಿ ಆಡುತ್ತಿತ್ತು, ಮಾತು ಬರಲಿಲ್ಲ. ಕೊನೆಗೆ ಒಮ್ಮೆ ಕೆಮ್ಮಿ, ತಲೆ ತಗ್ಗಿಸಿ, ಗೋಡೆಯ ಪಕ್ಕದಲ್ಲೇ ಸರಸರ ಬಂದರು. ಆ ದಿನ ಕಾಫಿ ಕುಡಿಯಲಿಲ್ಲ. ಕಳ್ಳ ನುಗ್ಗಿದ ಹಾಗಾಯಿತು ಎಂದರು. ನನಗೆ ಅವರ ಮೇಲೆ ಕನಿಕರವೂ ಬಂತು, ಸಿಟ್ಟೂ ಬಂತು. ಸಿಟ್ಟು ಬಂದದ್ದನ್ನೂ ಬರೆದುಕೊಳ್ಳಿ ಎಂದು ಹೇಳಿದ್ದೇನೆ.

ಈ ದಿನ ಶನಿವಾರ ಬೆಳಗ್ಗೆ 4 ಗಂಟೆ 45 ನಿಮಿಷಕ್ಕೆ ನನ್ನ ಗಂಡ ಮೊದಲ ಪಾಳಿಗೆ ಹೋದರು. 6 ಗಂಟೆ 20 ನಿಮಿಷಕ್ಕೆ ಮಾವನವರು ಹಾಲಿಗೆ ಹೋದರು. ಆಗ ಗೇಟಿಗೆ ಚಿಲಕ ಮಾತ್ರ ಇತ್ತು. 6 ಗಂಟೆ 52 ನಿಮಿಷಕ್ಕೆ ಗೇಟು ಅಲುಗಾಡಿದ ಶಬ್ದ ಕೇಳಿ ಹೊರಗೆ ಬಂದೆ. ಗೇಟಿಗೆ ಹೊಸ ಬೀಗ ಬಿದ್ದಿತ್ತು. ಮಾವನವರು ಆ ಕಡೆ, ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟು ಹಿಡಿದು ನಿಂತಿದ್ದರು. ನಾನು ಈ ಕಡೆ. ಮುತ್ತುರಾಜ ಅವರ ಕೆಲಸದವರಾದ ಹನಮಂತ ಎಂಬುವರು (ಬಾಗಲಕೋಟೆ ಕಡೆಯವರು) ಅಲ್ಲಿದ್ದರು. ಬೀಗದ ಕೈ ಕೇಳಿದಾಗ, ತಮ್ಮ ಕೈಯಲ್ಲಿಲ್ಲ, ಸಾಹುಕಾರರು ಬರಲಿ ಎಂದು ತಲೆ ಬಗ್ಗಿಸಿದರು. 7 ಗಂಟೆ 5 ನಿಮಿಷಕ್ಕೆ ಮುತ್ತುರಾಜ ಅವರು ಬೈಕಿನಲ್ಲಿ ಬಂದರು. ಬೀಗ ತೆಗೆಯಿರಿ ಎಂದು ನಾನು ಹೇಳಲು ಬಾಯಿ ತೆರೆದು ಅಲ್ಲೇ ನುಂಗಿಕೊಂಡೆ. ಮೇಲೆ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಬೀಗ ಯಾಕೆ ಹಾಕಿದಿರಿ ಎಂದಷ್ಟೇ ಕೇಳಿದೆ. ಅವರು ನನಗಲ್ಲ, ಮಾವನವರಿಗೆ ಉತ್ತರ ಕೊಟ್ಟರು: "ದಿನಾ ಕೇಳ್ತಿದ್ರಲ್ಲ ತಾತ, ಹಂಗೇ ಕೇಳಿ, ತೆಗೀತೀನಿ. ಯಾವತ್ತಾದ್ರೂ ಬೇಡ ಅಂದಿದೀನಾ?"

ಮಾವನವರು ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ. ಬೇಡ ಎಂದವಳು ನಾನೇ, ಅದನ್ನು ಮುಚ್ಚಿಡುವುದಿಲ್ಲ. ಅವರು ಹಾಲಿನ ಪ್ಯಾಕೆಟ್ಟನ್ನು ಕಂಬಿಯ ಸಂದಿನಿಂದ ನನಗೆ ಕೊಟ್ಟು, ಗೇಟಿನಿಂದ 3 ಅಡಿ ದೂರದಲ್ಲಿರುವ ಚರಂಡಿ ಚಪ್ಪಡಿಯ ಮೇಲೆ ಕುಳಿತರು.

7 ಗಂಟೆ 20 ನಿಮಿಷಕ್ಕೆ ಮಧುಮತಿ ಮೇಡಂ ಅವರಿಗೆ ಫೋನ್ ಮಾಡಿದೆ. ಇವತ್ತು ನಾಲ್ಕನೇ ಶನಿವಾರ, ಕೋರ್ಟು ರಜೆ, ಅವನು ದಿನ ನೋಡಿಯೇ ಬೀಗ ಹಾಕಿದ್ದಾನೆ, ಹೇಗಾದರೂ ತಡೆದುಕೊಳ್ಳಿ, ಕೇಳಬೇಡಿ, ಪೊಲೀಸರಿಗೆ ತಿಳಿಸಿ ಎಂದರು. 7 ಗಂಟೆ 35 ನಿಮಿಷಕ್ಕೆ 112ಕ್ಕೆ ಕರೆ ಮಾಡಿದೆ. 7 ಗಂಟೆ 50 ನಿಮಿಷಕ್ಕೆ ಏಕಾಂತಯ್ಯನವರಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ತಿಳಿಸಿದೆ. ಅವರು ಹೇಳಿದ್ದು: "ಕೇಳು ಅಂತ ನಾನು ಯಾವತ್ತೂ ಅವನಿಗೆ ಹೇಳ್ಲಿಲ್ಲಮ್ಮ. ಕೇಳ್ಬೇಡ ಅಂತಾನೂ ಹೇಳ್ಲಿಲ್ಲ." ಮಧ್ಯಾಹ್ನದೊಳಗೆ ಬಂದು ಇದನ್ನೇ ಯಾರ ಮುಂದೆ ಬೇಕಾದರೂ ಹೇಳುತ್ತೇನೆ ಎಂದರು. ಈ ಹೇಳಿಕೆ ಬರೆಸುವ ತನಕ ಬಂದಿಲ್ಲ. ಮಗಳು ಶ್ವೇತಳಿಗೆ 8 ಗಂಟೆಗೆ ಕೋಚಿಂಗ್ ಕ್ಲಾಸಿತ್ತು. ಅವಳು ಸ್ಟೂಲು ಹಾಕಿ ಹಿಂದಿನ ಗೋಡೆ ಹತ್ತಿ ಕಾಲುವೆಯ ಅಂಚಿನಲ್ಲಿ ಹೋದಳು. ಅವಳು ಮೂಲೆ ತಿರುಗುವ ತನಕ ನಾನು ಸ್ಟೂಲಿನ ಮೇಲೆ ನಿಂತು ನೋಡಿದೆ.

8 ಗಂಟೆ 12 ನಿಮಿಷಕ್ಕೆ ಗಸ್ತು ವಾಹನ ಬಂತು. ಮುತ್ತುರಾಜ ಅವರು ಪೊಲೀಸರಿಗೂ ವಿಡಿಯೊ ತೋರಿಸಿ, ನನ್ನ ಜಾಗ, ನನ್ನ ಗೇಟು, ಈಗಲೂ ಒಂದು ಮಾತು ಕೇಳಲಿ, ತೆಗೆಯುತ್ತೇನೆ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಬಂದಿದ್ದ ಸಾಹೇಬರು ಮಾವನವರ ಪಕ್ಕ ಬಗ್ಗಿ, ಯಜಮಾನರೇ, ಒಂದು ಮಾತಿಗೆ ಯಾಕಿಷ್ಟು ಹಟ, ಕೇಳಿಬಿಡಿ ಎಂದು ಒಳ್ಳೆಯ ಮಾತಿನಲ್ಲೇ ಹೇಳಿದರು. ಮಾವನವರು ಎದ್ದು ನಿಂತು ಕೈ ಮುಗಿದರು, ಆದರೆ ಕೇಳಲಿಲ್ಲ. ಇದು ಸಿವಿಲ್ ವಿಷಯ, ಎರಡೂ ಕಡೆಯವರು ಪತ್ರಗಳನ್ನು ತೆಗೆದುಕೊಂಡು 12 ಗಂಟೆಗೆ ಠಾಣೆಗೆ ಬನ್ನಿ ಎಂದು ತಿಳಿಸಿ ಅವರು ಹೋದರು.

ಅಲ್ಲಿಂದ ಮುಂದಿನದನ್ನು ನಿಧಾನವಾಗಿ ಹೇಳಲು ಅವಕಾಶ ಕೇಳಿದ್ದೇನೆ.

9 ಗಂಟೆಯ ಹೊತ್ತಿಗೆ ಚಪ್ಪಡಿಯ ಮೇಲೆ ಬಿಸಿಲು ಬಂತು. ಎದುರು ಮನೆಯ ಸೊಣ್ಣಮ್ಮ (ಸುಮಾರು 60 ವರ್ಷ) ಎಂಬುವರು ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಕೊಡೆ ತಂದುಕೊಟ್ಟರು. ನಮ್ಮ ಮನೆಗೆ ಬನ್ನಿ ಎಂದು ಕರೆದರು. ಅವರ ಮನೆ ಮೊದಲನೇ ಮಹಡಿಯಲ್ಲಿದೆ, ಹೊರಗಿನಿಂದ ಕಬ್ಬಿಣದ ಮೆಟ್ಟಿಲು, 14 ಮೆಟ್ಟಿಲು. ಮಾವನವರ ಎಡ ಮಂಡಿ ಎರಡು ವರ್ಷದಿಂದ ಮಡಚುವುದಿಲ್ಲ. ನಾನು ಕಂಬಿಯ ಸಂದಿನಿಂದ ಮೂರು ಇಡ್ಲಿ, ಸಕ್ಕರೆ ಕಾಯಿಲೆಯ ಮಾತ್ರೆ, ನೀರಿನ ಬಾಟಲಿ ಕೊಟ್ಟೆ. ಕಂಬಿಗಳ ನಡುವೆ 4 ಇಂಚು ಅಂತರವಿದೆ, ಕೈ ಮೊಣಕೈವರೆಗೆ ಹೋಗುತ್ತದೆ. ನಾನು ಮಷೀನಿನ ಮುಂದೆ ಕೂರಲಿಲ್ಲ. ಗೇಟಿನ ಈ ಕಡೆ ನಿಂತೇ ಇದ್ದೆ. ಸೋಮವಾರ ಕೋರ್ಟು ತೆರೆಯಲು ಇನ್ನೂ ಎಷ್ಟು ಗಂಟೆ ಎಂದು ಲೆಕ್ಕ ಹಾಕಿದೆ, 49 ಗಂಟೆ ಬಂತು. ಮತ್ತೆ ಲೆಕ್ಕ ಹಾಕಿದೆ, ಅಷ್ಟೇ ಬಂತು. ಗಂಡನಿಗೆ ಏಳು ಸಲ ಫೋನ್ ಮಾಡಿದೆ. ಗಾಡಿ ಓಡಿಸುವಾಗ ಅವರು ಫೋನು ಆಫ್ ಮಾಡಿಡುತ್ತಾರೆ, ಅದು ನನಗೂ ಗೊತ್ತು, ಆದರೂ ಮಾಡಿದೆ.

10 ಗಂಟೆ 15 ನಿಮಿಷಕ್ಕೆ ಮಾವನವರು ಹತ್ತಿರ ಬಂದು, ಕೇಳಿಬಿಡಲೇನವ್ವ ಎಂದು ಮೆಲ್ಲಗೆ ಅಂದರು. ಇನ್ನು ಸ್ವಲ್ಪ ಹೊತ್ತು ಮಾವ ಎಂದೆ. ಯಾಕೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀರು ಬಿಡುವ ಅವಸರ ಅವರಿಗೆ ಆಗಲೇ ಇತ್ತು ಎಂಬುದು ಈಗ ತಿಳಿಯುತ್ತದೆ. ಸೊಸೆಯ ಮುಂದೆ ಅದನ್ನು ಹೇಳುವ ಮನುಷ್ಯ ಅವರಲ್ಲ. ರಸ್ತೆಯಲ್ಲಿ ಗೋಡೆಗೆ ನಿಲ್ಲುವವರೂ ಅಲ್ಲ. ಸೊಣ್ಣಮ್ಮನವರ ಮೆಟ್ಟಿಲು ಹತ್ತಲು ಒಮ್ಮೆ ಹೋಗಿ, ಎರಡನೇ ಮೆಟ್ಟಿಲಲ್ಲಿ ನಿಂತು, ವಾಪಸ್ ಬಂದು ಕುಳಿತರು. ನಮ್ಮ ಮನೆಯ ಪಾಯಿಖಾನೆ ಅವರು ಕುಳಿತಿದ್ದ ಜಾಗದಿಂದ 51 ಅಡಿ.

11 ಗಂಟೆ 5 ನಿಮಿಷಕ್ಕೆ ಅವರು ಕುರ್ಚಿಯಿಂದ ಎದ್ದು ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಪಂಚೆ ಹಿಂದುಗಡೆ ಒದ್ದೆಯಾಗಿತ್ತು. ಕುರ್ಚಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೊಣ್ಣಮ್ಮನವರು ಬೇಗ ಬಂದು ಕೊಡೆ ಅಡ್ಡ ಹಿಡಿದರು. ಇದನ್ನು ಬರೆದುಕೊಳ್ಳಬೇಡಿ ಎಂದು ನಾನು ಮೊದಲು ಕೇಳಿಕೊಂಡೆ. ಬರೆಯದಿದ್ದರೆ ನಾನು ಮುಂದೆ ಮಾಡಿದ್ದು ಯಾರಿಗೂ ಅರ್ಥವಾಗುವುದಿಲ್ಲ ಎಂದು ಆಮೇಲೆ ನಾನೇ ಬರೆಸಿದ್ದೇನೆ.

11 ಗಂಟೆ 8 ನಿಮಿಷಕ್ಕೆ ನಾನು ಮುತ್ತುರಾಜ ಅವರನ್ನು ಕೂಗಿ ಕರೆದು ಗೇಟು ತೆಗೆಯಲು ಕೇಳಿದೆ. ಅವರು ಕ್ಯಾಮೆರಾದ ಕಡೆ ಒಮ್ಮೆ ನೋಡಿ, ಲಾರಿಯ ಸದ್ದಿನಲ್ಲಿ ಕೇಳಿಸಲಿಲ್ಲ, ಇನ್ನೊಂದು ಸಲ ಇಲ್ಲಿ ಬಂದು ಹೇಳಿ ಎಂದರು. ನಾನು ಕ್ಯಾಮೆರಾದ ಕೆಳಗೆ ಬಂದು ನಿಂತೆ. 11 ಗಂಟೆ 9 ನಿಮಿಷಕ್ಕೆ ನಾನು ಹೇಳಿದ ಮಾತು ಹೀಗಿದೆ: "ಗೇಟ್ ತೆಗೀರಿ ಸಾರ್. ನಾವು ಹೋಗಿ ಬರೋಕೆ ಬಿಡಿ." ಕೈಯನ್ನೂ ಮುಗಿದೆನೆಂದು ಸೊಣ್ಣಮ್ಮನವರು ಹೇಳುತ್ತಾರೆ. ನನಗೆ ನೆನಪಿಲ್ಲ. ಅಂಥ ಅಭ್ಯಾಸ ನನಗಿಲ್ಲ.

11 ಗಂಟೆ 10 ನಿಮಿಷಕ್ಕೆ ಮುತ್ತುರಾಜ ಅವರು ಜೇಬಿನಿಂದ ಬೀಗದ ಕೈ ತೆಗೆದು ಹನಮಂತನಿಗೆ ಕೊಟ್ಟರು. ಹನಮಂತ ಬೀಗ ತೆಗೆದು, ಗೇಟನ್ನು ಪೂರ್ತಿ ಸರಿಸಿ, ಮಾವನವರ ಬಳಿ ಹೋಗಿ, "ಬರ್ರಿ ಅಜ್ಜಾರ, ಒಳಗ ಬರ್ರಿ" ಎಂದು ತೋಳು ಹಿಡಿದರು. ಮಾವನವರು ತೋಳು ಬಿಡಿಸಿಕೊಂಡರು. ನಾನು ಓಡಿ ಹೋಗಿ, ಬನ್ನಿ ಮಾವ, ಪಂಚೆ ಬದಲಾಯಿಸೋಣ ಎಂದೆ. ಅವರು ನನ್ನನ್ನು ನೋಡಿದ ರೀತಿ ಈ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನೋಡಿದ್ದಲ್ಲ. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಸುತ್ತೇನೆ: "ನಲವತ್ತೇಳ್ ವರ್ಷ ನಾನ್ ಕೇಳಿದ್ದು, ನನ್ ಮನೇವ್ರು ಯಾರೂ ಕೇಳ್ಬಾರ್ದು ಅಂತ ಕಣವ್ವ. ಎಲ್ರದ್ದೂ ಸೇರ್ಸಿ ನಾನೊಬ್ನೇ ಕೇಳ್ಬುಡ್ತಿದ್ದೆ. ನೀ ಕೇಳಿ ತೆಗ್ಸಿದ್ ಬಾಗ್ಲಲ್ಲಿ ನಾನ್ ಬರಾಕಿಲ್ಲ."

ಅವರ ಕೂಗನ್ನು ನಾನು ಇಷ್ಟು ವರ್ಷ ದಡ್ಡತನ ಎಂದುಕೊಂಡಿದ್ದೆ. ಅದು ನನ್ನ ಪಾಲಿನದನ್ನೂ ಸೇರಿಸಿದ ಕೂಗು ಎಂದು ತಿಳಿದಿರಲಿಲ್ಲ. ತಿಳಿದಿದ್ದರೆ 11 ಗಂಟೆ 9 ನಿಮಿಷಕ್ಕೆ ಏನು ಮಾಡುತ್ತಿದ್ದೆ ಎಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಠಾಣೆಯ ಮೇಡಂ ಕೇಳಿದರು. ಗೊತ್ತಿಲ್ಲ ಎಂದಿದ್ದೇನೆ.

ಮಾವನವರು ರಸ್ತೆಯಲ್ಲೇ, ಸೊಣ್ಣಮ್ಮನವರು ಅಡ್ಡ ಹಿಡಿದ ಸೀರೆಯ ಮರೆಯಲ್ಲಿ ಪಂಚೆ ಬದಲಾಯಿಸಿ, ತೊಳೆದ ಕುರ್ಚಿಯಲ್ಲಿ ಮತ್ತೆ ಕುಳಿತರು. ಪೊಲೀಸರು ಹೇಳಿದ್ದಂತೆ 12 ಗಂಟೆಗೆ ಠಾಣೆಗೆ ಬರಲು ನನ್ನಿಂದ ಆಗಲಿಲ್ಲ. ಅವರನ್ನು ಬಿಟ್ಟು ಬರುವ ಧೈರ್ಯವಿರಲಿಲ್ಲ. 2 ಗಂಟೆ 15 ನಿಮಿಷಕ್ಕೆ ನನ್ನ ಗಂಡ ಬಂದರು. ಅವರು ಹೇಳಿ ನೋಡಿದರು, ಬೇಡಿಕೊಂಡರು, ಎತ್ತಿಕೊಂಡು ಹೋಗುತ್ತೇನೆ ಎಂದು ಹೆದರಿಸಿದರು. ಅವಳು ಕೇಳಿದ್ದನ್ನು ಅಳಿಸಿ ಬಾ, ನಡೆದುಕೊಂಡೇ ಬರುತ್ತೇನೆ ಎಂದು ಮಾವನವರು ಉತ್ತರ ಕೊಟ್ಟರು. ಈಗ ನನ್ನ ಗಂಡ ಅವರ ಪಕ್ಕದಲ್ಲಿ ಚಪ್ಪಡಿಯ ಮೇಲೆ ಕುಳಿತಿದ್ದಾರೆ. ನಾನು ಆಟೋದಲ್ಲಿ ಠಾಣೆಗೆ ಬಂದಿದ್ದೇನೆ.

ಮುತ್ತುರಾಜ ಅವರೂ ಠಾಣೆಗೆ ಬಂದಿದ್ದು, ಗೇಟು ತೆಗೆದಾಗಿದೆ, ಬೀಗವೂ ಇಲ್ಲ, ಮುದುಕರು ಬರದಿದ್ದರೆ ತನ್ನದೇನು ತಪ್ಪು ಎಂದು ತಿಳಿಸಿರುತ್ತಾರೆ. ತೆರೆದ ಗೇಟಿನ ಮೇಲೆ ಏನೆಂದು ದೂರು ಬರೆದುಕೊಳ್ಳಲಿ ಎಂದು ಇಲ್ಲಿನ ಸಾಹೇಬರೂ ನನ್ನನ್ನು ಕೇಳಿರುತ್ತಾರೆ. ಬೆಳಗ್ಗೆ 6 ಗಂಟೆ 52 ನಿಮಿಷದಿಂದ 11 ಗಂಟೆ 10 ನಿಮಿಷದವರೆಗೆ, ಅಂದರೆ 4 ಗಂಟೆ 18 ನಿಮಿಷ, 81 ವರ್ಷದ ಮನುಷ್ಯನನ್ನು ಅವರ ಮನೆಗೆ ಹೋಗದಂತೆ ತಡೆದದ್ದು ನನ್ನ ದೂರು. ಅದರ ಬಗ್ಗೆ ಕಾನೂನು ಪ್ರಕಾರ ಕ್ರಮ ಕೈಗೊಳ್ಳಬೇಕು, ಸೋಮವಾರ ಕೋರ್ಟು ತೆರೆಯುವ ತನಕ ಸಂದಿಯಲ್ಲಿ ಪಾಯ ತೆಗೆಯದಂತೆ ಹೇಳಬೇಕು ಎಂದು ಕೋರುತ್ತೇನೆ.

ಇನ್ನೊಂದು ವಿಷಯ. ಕ್ಯಾಮೆರಾದೊಳಗೆ ಇರುವುದನ್ನು ಅಳಿಸಲು ನನ್ನಿಂದಾಗುವುದಿಲ್ಲ. ಆದ್ದರಿಂದ ಇಲ್ಲಿ ಬರೆಸುತ್ತಿದ್ದೇನೆ. ಈ ದಿನ 11 ಗಂಟೆ 9 ನಿಮಿಷಕ್ಕೆ ನಾನು ಕೇಳಿದ್ದು ದಾರಿ ಅವರದೆಂದು ಒಪ್ಪಿ ಅಲ್ಲ, ನನ್ನ ಮಾವನವರ ಮಾನ ಹೋಗುತ್ತಿತ್ತೆಂದು. ಆ ಕೇಳಿಕೆಯನ್ನು ನಾನು ಈ ಮೂಲಕ ವಾಪಸ್ ಪಡೆಯುತ್ತಿದ್ದೇನೆ. ಕೇಳಿದ ಮಾತನ್ನು ವಾಪಸ್ ಪಡೆಯಲು ಕಾನೂನಿನಲ್ಲಿ ಅವಕಾಶ ಇದೆಯೋ ಇಲ್ಲವೋ ಗೊತ್ತಿಲ್ಲ ಎಂದು ಸಾಹೇಬರು ಹೇಳಿದರು. ನನಗೂ ಗೊತ್ತಿಲ್ಲ. ಬರೆದುಕೊಳ್ಳಿ ಎಂದು ಕೇಳಿಕೊಂಡೆ, ಬರೆದುಕೊಂಡಿದ್ದಾರೆ. ಇದರ ಒಂದು ಪ್ರತಿಯನ್ನು ಠಾಣೆಯ ಮೊಹರು ಹಾಕಿ ದಯವಿಟ್ಟು ಬೇಗ ಕೊಡಬೇಕು. ಮಾವನವರಿಗೆ ಓದು ಬಾರದು. ಬೆಳಕಿರುವಾಗಲೇ ಹೋಗಿ, ರಸ್ತೆಯಲ್ಲಿ ಅವರ ಪಕ್ಕ ಕುಳಿತು, ನಾನು ಇದನ್ನು ಅವರಿಗೆ ಓದಿ ಹೇಳಬೇಕಾಗಿದೆ.

ಮೇಲೆ ಬರೆದದ್ದೆಲ್ಲ ನನ್ನ ಬಾಯಿಂದಲೇ ಬಂದದ್ದು. ಬರೆದುಕೊಂಡ ಮೇಡಂ ಓದಿ ಹೇಳಿದರು, ಎರಡು ಕಡೆ ಸಮಯ ತಿದ್ದಿಸಿದೆ, ಉಳಿದದ್ದು ನಡೆದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಬೆಂಗಳೂರು
ದಿನಾಂಕ: 28-03-2026, ಸಂಜೆ 5 ಗಂಟೆ 25 ನಿಮಿಷ

(ಸಹಿ) ಮೈತ್ರಿ